ಸೂಚನೆ ಸಿಗದ ಕೋಶಗಳು

ನಮ್ಮವರಲ್ಲಿ ಮದುವೆಗೆ ಮನೆಗೇ ಬಂದು, ಕುಂಕುಮ ಕೊಟ್ಟು ಕರೆಯಬೇಕು. ಹಾಸನದ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ನೆಲೆಸಿದ ಅಜ್ಜನ ಕಾಲದಿಂದಲೂ ಇದೇ ಪದ್ಧತಿ. ತಮ್ಮ ಮೊಮ್ಮಗಳ ಮದುವೆಗೆ ಚಿಕ್ಕಮ್ಮ ಪಕ್ಕದ ಮನೆಯವರನ್ನು ಕರೆದು, ನನ್ನ ಬಾಗಿಲಿಗೆ ಬಾರದೆ ಹೋದರು. ನಾನಿನ್ನೂ ಮೈಸೂರಿನ ಪ್ರಯೋಗಾಲಯದಲ್ಲೇ ಇದ್ದೇನೆ ಎಂದುಕೊಂಡಿರಬೇಕು. ವಾಪಸು ಬಂದು ಎರಡು ತಿಂಗಳಾದರೂ ನಾನು ನೆಂಟರಿಗೆ ತಿಳಿಸಿರಲಿಲ್ಲ. ಮುಚ್ಚಿದ ಕಿಟಕಿಯ ಹಿಂದೆ ನಿಂತು ಅವರ ದನಿ ಕೇಳಿಸಿಕೊಂಡೆ. ಬಾಗಿಲು ತೆರೆಯಲಿಲ್ಲ. ನನ್ನನ್ನೂ ಕರೆಯಿರಿ ಎಂದು ಹೋಗಿ ನಿಲ್ಲುವ ಜಾಯಮಾನ ನನ್ನದಲ್ಲ.

ಮದುವೆಯ ದಿನ ರೇಷ್ಮೆ ಸೀರೆ ಉಟ್ಟು ಹೊರಟ ಪಕ್ಕದ ಮನೆಯಾಕೆ ಕೇಳಿದಳು, "ನೀವು ಬರಲ್ವಾ ಅಕ್ಕ?"

"ತಲೆನೋವು ಕಣಮ್ಮ, ನೀನು ಹೋಗ್ಬಾ" ಎಂದೆ.

ಮಧ್ಯಾಹ್ನ ಒಬ್ಬಳಿಗೆ ಅನ್ನಕ್ಕಿಡುವಾಗ ಪ್ರಯೋಗಾಲಯದ ಇಲಿಗಳು ನೆನಪಾದವು. ಎದೆಗೂಡಿನೊಳಗೆ ಥೈಮಸ್ ಎಂಬ ಗ್ರಂಥಿ ಇದೆ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಬೆಳೆಯುವುದು ಅಲ್ಲಿ. ಸುತ್ತಲಿನ ಕೋಶಗಳಿಂದ ಸೂಚನೆ ಸಿಕ್ಕರೆ ಎಳೆಯ ಕೋಶ ಬಲಿಯುತ್ತದೆ, ಸಿಗದಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸಾವನ್ನು ತಡೆಯುವ ಒಂದು ಜೀನನ್ನು ನಾವು ಕೆಲವು ಇಲಿಗಳಲ್ಲಿ ಹೆಚ್ಚಿಸಿದ್ದೆವು. ಅವುಗಳಲ್ಲಿ ಸೂಚನೆ ಸಿಗದ ಕೋಶಗಳೂ ಸಾಯದೆ ಉಳಿದವು. ಆದರೆ ಬಲಿಯಲಿಲ್ಲ, ಯಾವ ಕೆಲಸಕ್ಕೂ ಹೊರಡಲಿಲ್ಲ. ಸುಮ್ಮನೆ ಅಲ್ಲೇ ಇದ್ದವು.

ಆ ಫಲಿತಾಂಶ ಬಂದ ದಿನ ಪ್ರಯೋಗಾಲಯದ ದಾಖಲೆಯಲ್ಲಿ ಆ ಕೋಶಗಳ ಎದುರು "ಜೀವಂತ" ಎಂದು ಬರೆದು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.