ದನಿ ತೆಗೆದ ಪಾಠ

ಸಪನಾ ಹುಟ್ಟಿದ್ದು ಮಹಾರಾಷ್ಟ್ರದ ಇಚಲಕರಂಜಿಯಲ್ಲಿ, ಮಗ್ಗದ ಶೆಡ್ಡಿಗೆ ಗೋಡೆ ಹಂಚಿಕೊಂಡಿದ್ದ ಒಂದೇ ಕೋಣೆಯ ಮನೆಯಲ್ಲಿ. ಅಪ್ಪ ರಾಯಪ್ಪ ರಾಯಬಾಗದ ಕಡೆಯಿಂದ ಪವರ್‌ಲೂಮ್ ಕೆಲಸಕ್ಕೆಂದು ಬಂದವನು. ಗೋಡೆಯಾಚೆ ಮಗ್ಗಗಳು ಓಡುತ್ತಲೇ ಇದ್ದುದರಿಂದ ಮೆಲ್ಲಗೆ ಮಾತಾಡುವ ರೂಢಿ ಆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಸಪನಾ ಮರಾಠಿಯಲ್ಲೇ ಓದಿ, ಡಿ.ಎಡ್. ಮುಗಿಸಿ, ಅದೇ ಊರಿನ ಒಂದು ಮರಾಠಿ ಶಾಲೆಯಲ್ಲಿ ಐದನೇ ತರಗತಿಗೆ ಶಿಕ್ಷಕಿಯಾದಳು. ಮಕ್ಕಳು ಆಕೆಯನ್ನು ಸಪನಾಬಾಯಿ ಎನ್ನುತ್ತಿದ್ದರು. ಆ ಕಡೆ ಶಿಕ್ಷಕಿಯರನ್ನೆಲ್ಲ ‘ಬಾಯಿ’ ಅನ್ನುವುದೇ ವಾಡಿಕೆ. ತರಗತಿಯಲ್ಲಿ ಮಗ್ಗದ ಮಂದಿಯ ಮಕ್ಕಳೇ ಹೆಚ್ಚು. ಯಾರಾದರೂ ತಿಳಿಯದೆ ಕಣ್ಣು ಕಣ್ಣು ಬಿಟ್ಟರೆ ಅದೇ ಮಾತನ್ನು ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಗೆ ಬರುತ್ತಿದ್ದಳು.

ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಾಗ ಉಳಿದ ಶಿಕ್ಷಕರು ಅದರ ಮೇಲೊಂದು ಬಟ್ಟೆ ಹೊದಿಸಿ ದೂರ ನಿಂತರು. ಕೆಟ್ಟರೆ ಯಾರು ಹೊಣೆ ಎಂಬುದು ಅವರ ಅಳುಕು. ಯಂತ್ರಗಳ ಪಕ್ಕದಲ್ಲೇ ಬೆಳೆದ ಸಪನಾಗೆ ಆ ಅಳುಕು ಇರಲಿಲ್ಲ. ಹೆಡ್‌ಮಾಸ್ತರ ನಾಮದೇವ ಸರ್ ಬೀಗದ ಕೈ ಆಕೆಗೇ ಕೊಟ್ಟು, “ತುಮ್ಹೀಚ ಬಘಾ ಬಾಯಿ, ನೀವೇ ನೋಡಿಕೊಳ್ಳಿ,” ಎಂದರು. ಕೆಲವೇ ದಿನಗಳಲ್ಲಿ ಆಕೆ ಚಿತ್ರ ಬರೆಯುವುದು, ಅವನ್ನು ಓಡಾಡಿಸುವುದು, ವೀಡಿಯೊ ಕತ್ತರಿಸಿ ಜೋಡಿಸುವುದು ಎಲ್ಲ ಕಲಿತಳು.

ಗಡಹಿಂಗ್ಲಜದಲ್ಲಿ ಶಿಕ್ಷಕರಿಗೆ ತರಬೇತಿ ನಡೆಯಿತು. ಪ್ರತಿಯೊಬ್ಬರೂ ಒಂದು ಸಣ್ಣ ಪಾಠವನ್ನು ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಎಲ್ಲರ ವಾಟ್ಸಾಪ್ ಗುಂಪಿಗೆ ಹಾಕಬೇಕಿತ್ತು. ಸಪನಾ ಭಿನ್ನರಾಶಿಯ ಪಾಠ ಮಾಡಿದಳು: ಜೋಳದ ರೊಟ್ಟಿಯೊಂದು ಬರುತ್ತದೆ, ಎರಡಾಗುತ್ತದೆ, ನಾಲ್ಕಾಗುತ್ತದೆ, ಒಂದು ಚೂರು ತಟ್ಟೆಗೆ ಹೋಗುತ್ತದೆ. ಗುಂಪಿಗೆ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಕೆಳಗೆ ಬರೆದಿದ್ದರು, ಪಾಠ ಚೆನ್ನಾಗಿದೆ, ಆದರೆ ಇದು ಮರಾಠಿಯೋ ಕಾನಡಿಯೋ, ಅಂದರೆ ಕನ್ನಡವೋ, ಎಂದು. ಆಕೆಯ ಮರಾಠಿಯಲ್ಲಿ ಕನ್ನಡದ ಎಳೆತವಿತ್ತು. ಅದರಡಿ ನಗುವ ಮುಖಗಳು ಸಾಲಾಗಿ ಬಂದವು. ಸಪನಾ ವೀಡಿಯೊ ಅಳಿಸಿದಳು. ಮನೆಗೆ ಬಂದಾಗ ಅವ್ವ ಸಾವಕ್ಕ ಮುಖ ನೋಡಿ ಕೇಳಿದಳು.

“ಯಾಕ ಸಪನಾ, ಸಪ್ಪಗದಿ? ಯಾರರ ಏನರ ಅಂದ್ರೇನ?”

“ಏನಿಲ್ಲ ಬೇ, ಬಸ್ಸಿನ್ಯಾಗ ಬಂದ ತಲಿ ನೋಯಾಕತ್ತೈತಿ.”

ಮರುದಿನ ಆಕೆ ಬರೆದದ್ದನ್ನು ತಾನೇ ಓದಿ ಹೇಳುವ ಒಂದು ಆ್ಯಪ್ ಹುಡುಕಿದಳು. ಅದರಲ್ಲೊಂದು ಹೆಣ್ಣುದನಿ, ಪುಣೆಯ ಕಡೆಯ ತಿದ್ದಿದಂಥ ಮರಾಠಿ. ಅಂದಿನಿಂದ ಆಕೆಯ ಪಾಠಗಳೆಲ್ಲ ಆ ದನಿಯಲ್ಲೇ ತಯಾರಾದವು. ಶಿಕ್ಷಣ ಕಚೇರಿಯವರು ಹೊಗಳಿದರು. ನಾಮದೇವ ಸರ್ ಖುಷಿಪಟ್ಟರು. ತರಗತಿಯಲ್ಲೂ ಮಕ್ಕಳು ಮಿಸುಕಾಡದೆ ನೋಡುತ್ತ ಕೂತಿರುತ್ತಿದ್ದರು. ತಿಳಿದೇ ಕೂತಿದ್ದಾರೆ ಎಂದುಕೊಂಡಿದ್ದಳು ಸಪನಾ.

ಪರೀಕ್ಷೆಯಲ್ಲಿ ಭಿನ್ನರಾಶಿಯ ಲೆಕ್ಕಗಳನ್ನು ಬಹಳಷ್ಟು ಮಕ್ಕಳು ತಪ್ಪು ಮಾಡಿದ್ದರು. ಕರಿಹಲಗೆಯ ಕಾಲದಲ್ಲಿ ಇಷ್ಟು ತಪ್ಪು ಬಂದದ್ದು ಆಕೆಗೆ ನೆನಪಿರಲಿಲ್ಲ. ಸಾಕ್ಷಿ ಎಂಬ ಹುಡುಗಿಯನ್ನು ಕರೆದು, “ಇಷ್ಟ ಸಲ ತೋರಿಸೇನಿ, ಯಾಕ ತಿಳೀಲಿಲ್ಲ?” ಎಂದು ಕೇಳಿದಳು.

“ಬೋರ್ಡಿನ್ಯಾಗಿನ ಬಾಯಿ ಭಾಳ ಓಡ್ತಾಳ್ರಿ,” ಎಂದಳು ಸಾಕ್ಷಿ. “ನಡುವ ಕೇಳಾಕ ಬರಂಗಿಲ್ಲ. ಮತ್ತ ನೀವೂ ಸುಮ್ಕ ನಿಂತಿರ್ತೀರಿ.”

ಸಪನಾಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಮರುದಿನ ಅದೇ ಪಾಠ ಹಚ್ಚಿ ದನಿಯನ್ನು ಪೂರ್ತಿ ಇಳಿಸಿದಳು. ರೊಟ್ಟಿ ಎರಡಾದಲ್ಲಿ ನಿಲ್ಲಿಸಿ ಮರಾಠಿಯಲ್ಲಿ ಕೇಳಿದಳು, ಉತ್ತರ ಬಾರದ ಕಡೆ ಕನ್ನಡದಲ್ಲಿ ಕೇಳಿದಳು. ಹಿಂದಿನ ಬೆಂಚಿನವರು ಜಗಳಕ್ಕೆ ಬಿದ್ದರು, ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು. ಪಾಠ ಗಂಟೆ ಬಾರಿಸಿದ ಮೇಲೂ ಮುಗಿಯಲಿಲ್ಲ.

ಅದಾದ ಕೆಲ ವಾರಗಳಿಗೆ ಕೊಲ್ಹಾಪುರದ ಒಂದು ಕಾಲೇಜಿನ ಸಭಾಗೃಹದಲ್ಲಿ ಶಿಕ್ಷಕರ ಮೇಳ. ಸಪನಾ ತನ್ನ ಪಾಠ ತೋರಿಸಬೇಕೆಂದು ಕರೆ ಬಂದಿತ್ತು. ಯಂತ್ರದ ದನಿಯಲ್ಲೇ ಪಾಠ ಶುರುವಾಯಿತು. ಮುಂದಿನ ಸಾಲಿನ ಹಿರಿಯ ಅಧಿಕಾರಿಯೊಬ್ಬರು, ಇದು ನಿಮ್ಮ ದನಿಯೇ ಎಂದರು. ಅಲ್ಲ ಎಂದಳು. ಹಾಗಾದರೆ ತರಗತಿಯಲ್ಲಿ ನೀವೇನು ಮಾಡುತ್ತೀರಿ ಎಂದು ಅವರು ಮತ್ತೆ ಕೇಳಿದರು. ಕೊಂಕೋ ಕುತೂಹಲವೋ ಸಪನಾಗೆ ತಿಳಿಯಲಿಲ್ಲ. ದನಿ ಇಳಿಸಿ, ತರಗತಿಯಲ್ಲಿ ಮಾಡುವಂತೆಯೇ, ಎರಡೂ ಭಾಷೆಯಲ್ಲಿ, ಮಗ್ಗದ ಮನೆಯ ಎತ್ತರದ ದನಿಯಲ್ಲಿ ಪಾಠ ಮಾಡಿದಳು. ಹಿಂದೆ ಯಾರೋ ನಕ್ಕರು. ಮುಗಿದಾಗ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ಒಬ್ಬ ಶಿಕ್ಷಕ ಆಕೆಯನ್ನು ಹುಡುಕಿಕೊಂಡು ಬಂದ. ಹೆಸರು ಸಿದ್ದರಾಯ, ಗಡಹಿಂಗ್ಲಜದಾಚೆ ಗಡಿ ಹಳ್ಳಿಯ ಶಾಲೆ.

“ಬಾಯಿ, ನಿಮ್ಮ ಚಿತ್ರ ಭಾಳ ಚಲೋ ಅದಾವ್ರಿ. ಆವಾಜ ತಗದ ನನಗ ಕೊಡ್ತೀರೇನ್ರಿ?”

“ಆವಾಜ ಯಾಕ ಬ್ಯಾಡ್ರಿ?”

“ನಮ್ಮಲ್ಲಿ ಕುರಿಯವ್ರ ಮಕ್ಕಳ ಜಾಸ್ತಿ. ಅರ್ಧಾ ಕನ್ನಡ, ಅರ್ಧಾ ಮರಾಠಿ ಹೇಳಬೇಕಾಗ್ತೈತಿ. ಚಿತ್ರ ಮಾಡಾಕ ನನಗ ಬರಂಗಿಲ್ರಿ. ಹೇಳಾಕ ಬರ್ತೈತಿ.”

ಸಪನಾ ಅಲ್ಲೇ ಕೂತು ಪಾಠಗಳ ದನಿ ತೆಗೆದು ಆತನ ಮೊಬೈಲಿಗೆ ಕಳಿಸಿದಳು. ಆತ ಇನ್ನೊಬ್ಬರಿಗೆ ಕಳಿಸಿದ. ಒಂದು ವರ್ಷದೊಳಗೆ ಗಡಿಯ ಹಲವು ಶಾಲೆಗಳಲ್ಲಿ ಆ ಪಾಠಗಳು ನಡೆಯತೊಡಗಿದವು, ಒಂದೊಂದು ಕಡೆ ಒಂದೊಂದು ದನಿಯಲ್ಲಿ.

ಈಗ ಆಕೆ ಪ್ರತಿ ಪಾಠವನ್ನೂ ಎರಡು ಬಗೆಯಲ್ಲಿ ಮಾಡುತ್ತಾಳೆ: ಕಚೇರಿಗೆ ಯಂತ್ರದ ದನಿಯದು, ಶಿಕ್ಷಕರಿಗೆ ದನಿ ಇಲ್ಲದ್ದು. ನಿಮ್ಮ ದನಿಯಲ್ಲಿ ಒಂದಾದರೂ ರೆಕಾರ್ಡ್ ಮಾಡಿ ಎಂದು ನಾಮದೇವ ಸರ್ ಆಗಾಗ ಹೇಳುತ್ತಾರೆ. ನೋಡೋಣ ಎನ್ನುತ್ತಾಳೆ. ಇನ್ನೂ ಮಾಡಿಲ್ಲ.