ದಾವಲಸಾಬರ ಗುರುವಾರದ ಬಿ.ಪಿ.

ಕೋವಿಡ್ ಅಲೆಗಳು ಮುಗಿದ ಮರುವರ್ಷ ನಾನು ಹುಬ್ಬಳ್ಳಿಯ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದಕ್ಕೂ ಹಿಂದಿನ ಸೇವೆಯ ಬಹುಭಾಗವನ್ನು ನಾನು ಹಳ್ಳಿಗಳಲ್ಲಿ ಹೆರಿಗೆ, ಲಸಿಕೆ, ವಾಂತಿಭೇದಿ, ಜ್ವರಗಳ ನಡುವೆ ಕಳೆದಿದ್ದೆ. ಇಲ್ಲಿ ಬೆಳಿಗ್ಗೆ ಬಾಗಿಲು ತೆರೆದಾಗ ಹೊರಗೆ ನಿಂತಿರುತ್ತಿದ್ದವರು ತಾವೇ ನಡೆದು ಬಂದವರು, ನಗುತ್ತ ಮಾತಾಡುವವರು, ನೋಡಿದರೆ ಯಾವ ಕಾಯಿಲೆಯೂ ಇಲ್ಲದಂತೆ ಕಾಣುವವರು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಥವಾ ಎರಡೂ.

ಇಲಾಖೆಯಲ್ಲಿ ಇವುಗಳಿಗೆ ಎನ್‌ಸಿಡಿ ಎನ್ನುತ್ತೇವೆ. ಒಬ್ಬರಿಂದೊಬ್ಬರಿಗೆ ಅಂಟದ, ಒಮ್ಮೆ ಬಂದರೆ ಜೀವನಪೂರ್ತಿ ಜೊತೆಗಿರುವ ಕಾಯಿಲೆಗಳು ಎಂದು ಅರ್ಥ. ನಮ್ಮಲ್ಲಿ ಗುರುವಾರ ಅವುಗಳ ದಿನ. ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಗೊತ್ತಾದ ಗುರುವಾರ ಖಾಲಿ ಹೊಟ್ಟೆಯಲ್ಲಿ ಬರಬೇಕು. ಮೊದಲು ಬೆರಳ ತುದಿಯಿಂದ ರಕ್ತ, ಬಳಿಕ ಬಿ.ಪಿ., ಬಳಿಕ ನನ್ನ ಕೋಣೆ, ಕೊನೆಗೆ ಔಷಧ ಕೊಡುವ ಕಿಟಕಿ. ನಾನು ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವಳು. ಈ ಕ್ರಮ ನನಗೆ ಹಿಡಿಸಿತು. ಸರದಿ ತಪ್ಪಿಸಿ ಬಂದವರನ್ನು, ಅವರು ಯಾರೇ ಇರಲಿ, ಸಾಲಿನ ಕೊನೆಗೆ ಕಳಿಸುತ್ತಿದ್ದೆ.

ಆ ಸಾಲಿನಲ್ಲಿ ದಾವಲಸಾಬ ಎಂಬ ವೆಲ್ಡರ್ ಇದ್ದರು. ವಯಸ್ಸು ಐವತ್ತು ದಾಟಿತ್ತು. ಗೋಡೌನು, ಕಲ್ಯಾಣಮಂಟಪಗಳಿಗೆ ತಗಡಿನ ಛಾವಣಿ ಹಾಕುವ ಮುನ್ನ ಕಬ್ಬಿಣದ ತೊಲೆಗಳನ್ನು ಮೇಲೆಯೇ ಕೂತು ಬೆಸೆಯುವುದು ಅವರ ಕೆಲಸ. ಗೋಪನಕೊಪ್ಪದಲ್ಲಿ ಮನೆ. ಪ್ರತಿ ಸಲವೂ ಹೆಂಡತಿ ಜೈತುನಬಿ ಜೊತೆಗೆ ಬರುತ್ತಿದ್ದರು. ಮಾತೆಲ್ಲ ಆಕೆಯದೇ.

ದಾವಲಸಾಬರ ಬಿ.ಪಿ. ಇಳಿಯುತ್ತಿರಲಿಲ್ಲ. ನಾನು ಬರುವ ಮೊದಲು ಒಂದು ಗುಳಿಗೆಯಿಂದ ಶುರುವಾಗಿದ್ದ ಚಿಕಿತ್ಸೆ ಮಾರ್ಗಸೂಚಿಯಂತೆ ಒಂದೊಂದೇ ಮೆಟ್ಟಿಲು ಏರಿ ಮೂರು ಗುಳಿಗೆಗಳಿಗೆ ಬಂದಿತ್ತು: ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್‌ಥ್ಯಾಲಿಡೋನ್. ಮೊದಲ ಎರಡು ರಕ್ತನಾಳಗಳ ಬಿಗಿ ಸಡಿಲಿಸುತ್ತವೆ, ಮೂರನೆಯದು ಮೂತ್ರದ ಮೂಲಕ ಉಪ್ಪು ನೀರನ್ನು ಹೊರಹಾಕುತ್ತದೆ. ಮೂರೂ ಪೂರ್ಣ ಪ್ರಮಾಣದಲ್ಲಿದ್ದವು. ಆದರೂ ಗುರುವಾರ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ 170ರ ಆಸುಪಾಸು. ಇಂಥದಕ್ಕೆ ನಾವು ರೆಸಿಸ್ಟೆಂಟ್ ಹೈಪರ್‌ಟೆನ್ಷನ್, ಅಂದರೆ ಔಷಧಕ್ಕೆ ಬಗ್ಗದ ರಕ್ತದೊತ್ತಡ ಎನ್ನುತ್ತೇವೆ. ಆದರೆ ಹಾಗೆನ್ನುವ ಮೊದಲು ಗುಳಿಗೆ ಹೊಟ್ಟೆಗೆ ಹೋಗುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕೇಳಿದೆ.

“ಒಂದ ದಿನಾನೂ ತಪ್ಪಿಸಿಲ್ರಿ ಬಾಯಾರ,” ಎಂದರು ಜೈತುನಬಿ. “ಎದುರ ನಿಂತು ನುಂಗಸ್ತೇನಿ. ಬಾಯಿ ತಗಸಿ ನಾಲಿಗಿ ಕೆಳಗೂ ನೋಡ್ತೇನಿ.”

“ಪೊಲೀಸ್ರು ಛಲೋರಿ ಇಕಿಗಿಂತ,” ಎಂದರು ದಾವಲಸಾಬ.

“ಉಪ್ಪು?”

“ಉಪ್ಪಿಂದು ಕೇಳಬ್ಯಾಡ್ರಿ. ನಮ್ಮ ಮನಿ ಬಿರಿಯಾನಿ ಈಗ ದವಾಖಾನಿ ಗಂಜಿ ಆಗೇತಿ. ಬೀಗ್ರು ಬರೂದಽ ಬಿಟ್ಟಾರ.”

“ಬಿಡ್ಲಿ,” ಎಂದರು ಜೈತುನಬಿ. “ಮನ್ಯಾಗ ಒಬ್ರನ್ನ ಎತ್ತಿ ಕುಂದ್ರಸೂದಽ ಸಾಕಾಗೇತಿ ನನಗ. ಇಬ್ಬರದು ನನ್ನ ಕೈಲೆ ಆಗೂದಿಲ್ಲ.”

ಎತ್ತಿ ಕೂರಿಸಬೇಕಾದವರು ದಾವಲಸಾಬರ ಅಣ್ಣ ಲಾಲಸಾಬ. ಅವರಿಗೂ ಬಿ.ಪಿ. ಇತ್ತು. ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಅದೇ ಮನೆಯಲ್ಲಿ, ಜೈತುನಬಿಯ ಆರೈಕೆಯಲ್ಲಿದ್ದರು. ಆಕೆಯ ಬಿಗಿ ಕಾವಲಿಗೆ ಕಾರಣ ಅಷ್ಟರಿಂದಲೇ ತಿಳಿಯುತ್ತಿತ್ತು.

ಮುಂದಿನ ಎರಡು ತಿಂಗಳು ಹೊಸ ದೂರು ಸೇರಿತು. ಕೆಲಸದ ಮೇಲಿದ್ದಾಗ ದಾವಲಸಾಬರಿಗೆ ತಲೆ ಗವ್ವೆನ್ನುತ್ತಿತ್ತು. ಅವರು ಅದನ್ನು ಬಿಸಿಲಿನ ಮೇಲೆ ಹಾಕಿದರು. ಜೈತುನಬಿ, ಬಿ.ಪಿ. ಏರಿದ್ದಕ್ಕೇ ತಲೆ ತಿರುಗುತ್ತಿದೆ ಎಂದರು. ನಮ್ಮ ಜನರಲ್ಲಿ ತಲೆ ತಿರುಗಿದರೆ ಬಿ.ಪಿ. ಏರಿದೆ ಎಂದೇ ಲೆಕ್ಕ, ಮತ್ತು ನನ್ನ ಮುಂದಿದ್ದ ಅಂಕಿಯೂ ಅದನ್ನೇ ಹೇಳುತ್ತಿತ್ತು. ಮೂತ್ರಪಿಂಡದ ಪರೀಕ್ಷೆ, ಇಸಿಜಿ ಎರಡೂ ಸರಿಯಿದ್ದವು. ಮುಂದಿನ ಗುರುವಾರ ನಾಲ್ಕನೆಯ ಗುಳಿಗೆ ಸೇರಿಸಿ, ಹೆಚ್ಚಿನ ತಪಾಸಣೆಗೆ ಸತ್ತೂರಿನ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದು ಇಬ್ಬರಿಗೂ ತಿಳಿಸಿದೆ.

ಆ ಗುರುವಾರಕ್ಕೆ ಇನ್ನೂ ಎರಡು ವಾರ ಇರುವಾಗ, ಒಂದು ಶನಿವಾರ ಮಧ್ಯಾಹ್ನ, ದಾವಲಸಾಬರನ್ನು ಜೊತೆಯ ಕೆಲಸಗಾರ ಬಸು ಆಟೋದಲ್ಲಿ ಕರೆತಂದ. ದಾವಲಸಾಬರ ಮುಖ ಬೂದಿಬಣ್ಣವಾಗಿತ್ತು.

“ಚಾಚಾ ಮ್ಯಾಲಿಂದ ಇಳಿಯೂ ಮುಂದ ಕಣ್ಣ ಕತ್ತಲಿ ಬಂತಂತ್ರಿ,” ಎಂದ ಬಸು. “ನಾ ಕೆಳಗಿನ ಮೆಟ್ಟಲ ಮ್ಯಾಲಿದ್ದೆ. ಕಾಲು ಹಿಡದೆ. ಇಲ್ಲಂದ್ರ ಇವತ್ತ ಕತಿ ಮುಗೀತಿತ್ತು.”

“ಕಾಲ ಎಲ್ಲಿ ಹಿಡದ್ಯೋ ಮಾರಾಯಾ,” ಎಂದರು ದಾವಲಸಾಬ, ಮಲಗಿದಲ್ಲಿಂದಲೇ. “ಪ್ಯಾಂಟ್ ಹಿಡದಿ. ಅರ್ಧ ಹುಬ್ಬಳ್ಳಿ ನೋಡ್ತು.”

ಸಿಸ್ಟರ್ ಬಿ.ಪಿ. ನೋಡಿದರು. ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದರು. ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದರು. ಕೊನೆಗೆ ನಾನೇ ಕಟ್ಟಿ ನೋಡಿದೆ. ಮಲಗಿದಾಗ 104, ನಿಲ್ಲಿಸಿದಾಗ 86. ಸಕ್ಕರೆ ಸರಿಯಾಗಿತ್ತು. ತಿಂಗಳುಗಟ್ಟಲೆ 170ರ ಆಸುಪಾಸಿನಿಂದ ಕೆಳಗೆ ಇಳಿಯದಿದ್ದ ಮನುಷ್ಯ ಇವರೇ. ಈ ಒತ್ತಡದಲ್ಲಿ ಎದ್ದು ನಿಂತವನ ಮಿದುಳಿಗೆ ಸಾಕಷ್ಟು ರಕ್ತ ಏರುವುದಿಲ್ಲ. ಅವರು ನಿಲ್ಲುತ್ತಿದ್ದುದಾದರೋ ಮೂರು ಅಂತಸ್ತಿನೆತ್ತರದ ತೊಲೆಯ ಮೇಲೆ. ಇನ್ನೆರಡು ವಾರದಲ್ಲಿ ನಾನು ನಾಲ್ಕನೆಯ ಗುಳಿಗೆ ಕೊಡುವವಳಿದ್ದೆ.

ಸುದ್ದಿ ತಿಳಿದು ಜೈತುನಬಿ ಓಡಿ ಬಂದರು. ಕೂರಿಸಿ, ನೀರು ಕೊಟ್ಟು ಕೇಳಿದೆ: “ಇವತ್ತ ಗುಳಿಗಿ ತಗೊಂಡಾರೇನು?”

“ಹೂಂನ್ರಿ. ರೊಟ್ಟಿ ತಿಂದ ಮ್ಯಾಲೆ ಮೂರೂ ಕೊಟ್ಟೇನಿ.”

“ನಿನ್ನೆ? ಮೊನ್ನೆ?”

“ದಿನಾ ಕೊಡ್ತೇನ್ರಿ.”

“ಗುರುವಾರ ಇಲ್ಲಿ ಬರೂ ಮುಂದ?”

“ಅವಾಗ ಹೆಂಗ ಕೊಡೂದ್ರಿ?” ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. “ಪರೀಕ್ಷಾ ಇರತೈತಲ್ಲ. ಐತವಾರದಿಂದಽ ಬಂದ್ ಮಾಡ್ತೇನಿ.”

ಭಾನುವಾರದಿಂದ ಗುರುವಾರ ಮಧ್ಯಾಹ್ನದವರೆಗೆ ಒಂದೂ ಗುಳಿಗೆ ಇಲ್ಲ. ಯಾಕೆ ಎಂದು ಕೇಳಿದಾಗ ಆಕೆ ಲಾಲಸಾಬರ ಕಥೆ ಹೇಳಿದರು. ಅವರು ತಿಂಗಳಿಡೀ ಗುಳಿಗೆ ಮುಟ್ಟುತ್ತಿರಲಿಲ್ಲವಂತೆ. ತಪಾಸಣೆಯ ದಿನ ಹತ್ತಿರ ಬಂದಾಗ ಮಾತ್ರ ನುಂಗಿ ಹೋಗುತ್ತಿದ್ದರು. ಪ್ರತಿ ಸಲವೂ ಬಿ.ಪಿ. ಸರಿಯಿದೆ ಎಂದು ಹೇಳಿಸಿಕೊಂಡು ಬರುತ್ತಿದ್ದರು. ಲಕ್ವಾ ಹೊಡೆದದ್ದು ಹಾಗೆ ಹೇಳಿಸಿಕೊಂಡು ಬಂದ ಒಂದು ವಾರದಲ್ಲಿ.

“ಗುಳಿಗಿ ನುಂಗಿ ಹೋಗೂದಂದ್ರ ಡಾಕ್ಟರಿಗೆ ಮೋಸ ಮಾಡಿದಂಗಽ ಅಲ್ಲೇನ್ರಿ?” ಎಂದರು ಜೈತುನಬಿ. “ಸಾಲ್ಯಾಗ ಕಾಪಿ ಹೊಡದಂಗ. ರೋಗ ಒಳಗ ಮುಚ್ಚಿಕೊಂಡ ಕುಂದರತೈತಿ. ನಾ ಇವ್ರದು ಹಂಗ ಆಗಬಾರದು ಅಂತ, ಖರೇ ಬಿ.ಪಿ. ನಿಮಗ ಕಾಣ್ಲಿ ಅಂತ ಮಾಡೇನ್ರಿ.”

“ಮತ್ತ ತಪ್ಪಿಸಿಲ್ಲ ಅಂದ್ರಲ್ಲ?”

“ತಪ್ಪಸೂದು ಎಲ್ಲಿ ಬಂತ್ರಿ? ಅದು ಪರೀಕ್ಷಾದ ತಯಾರಿ.”

ಆಕೆ ಸುಳ್ಳು ಹೇಳಿರಲಿಲ್ಲ. ಒಂದೇ ಮನೆಯಲ್ಲಿ ಒಬ್ಬರು ಪರೀಕ್ಷೆಗಾಗಿ ಗುಳಿಗೆ ನುಂಗುತ್ತಿದ್ದರು, ಇನ್ನೊಬ್ಬರಿಗೆ ಪರೀಕ್ಷೆಗಾಗಿ ಗುಳಿಗೆ ನಿಲ್ಲಿಸಲಾಗುತ್ತಿತ್ತು. ಔಷಧವಿಲ್ಲದ ದಿನಗಳ ಅಂಕಿ ನೋಡಿ ನಾವು ಔಷಧ ಏರಿಸುತ್ತ ಹೋಗಿದ್ದೆವು. ಅದನ್ನು ನುಂಗಿದ ದಿನಗಳಲ್ಲಿ ದಾವಲಸಾಬ ಏಣಿ ಹತ್ತುತ್ತಿದ್ದರು. ನಡುವೆ ಏಕಾಏಕಿ ನಿಲ್ಲಿಸುತ್ತಿದ್ದ ಆ ನಾಲ್ಕು ದಿನಗಳಲ್ಲಿ ಲಕ್ವಾದ ಅಪಾಯವೂ ಇದ್ದೇ ಇತ್ತು.

ಮೂರು ಗುಳಿಗೆಗಳಲ್ಲಿ ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಅರ್ಧಕ್ಕೆ ಇಳಿಸಿ ಬರೆದೆ. ಒಂದು ದಿನವೂ ಬಿಡಬಾರದು, ಪರೀಕ್ಷೆಯ ದಿನವೂ ಬಿಡಬಾರದು ಎಂದೆ. ಜೈತುನಬಿ ಚೀಟಿ ಮುಟ್ಟಲಿಲ್ಲ.

“ನೂರಾ ಎಪ್ಪತ್ತ ಇದ್ದ ಮನಶ್ಯಾಗ ಗುಳಿಗಿ ಕಡಿಮಿ ಮಾಡ್ತೀರೇನ್ರಿ? ನಾಳೆ ಇವ್ರೂ ಅವ್ರ ಬಾಜೂಕ ಮಲಗಿದ್ರ ನಾ ಯಾರನ್ನ ಕೇಳ್ಲಿ?”

ನಾನು ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದೆ. ಆಕೆ ಕೇಳಿಸಿಕೊಂಡರು, ಒಪ್ಪಲಿಲ್ಲ. ದಾವಲಸಾಬ ಎದ್ದು ಕೂತರು.

“ಏ, ನಾ ಛತ್ತು ಹಾಕಿದ ಮ್ಯಾಲೆ ಅದು ಗಟ್ಟಿ ಐತೇನು ಅಂತ ಹೆಂಗ ನೋಡ್ತೇನಿ? ಕಂಬಾ ಕಿತ್ತ ನೋಡ್ತೇನೇನು?”

“ಕಂಬಾ ಕಿತ್ರ ಬೀಳತೈತಿ.”

“ಮತ್ತ? ನೀ ತಿಂಗಳಾ ಕಂಬಾ ಕಿತ್ತು ಇವ್ರ ಮುಂದ ನಿಂದ್ರಸ್ತಿದ್ದಿ. ಛತ್ತು ಬೀಳಾಕತ್ತೇತಿ ಅಂತ ಇವ್ರು ಇನ್ನೊಂದ ಕಂಬಾ ಕೊಡ್ತಿದ್ರು.”

ಆಕೆ ಚೀಟಿಯನ್ನು ಕೈಗೆತ್ತಿಕೊಂಡರು. “ಇಷ್ಟ ಶಾಣ್ಯಾ ಇದ್ರ ಮೊದಲಽ ಹೇಳಬೇಕಿತ್ತಿಲ್ಲ?” ಎಂದರು. ಆದರೂ ಅನುಮಾನ ಉಳಿದಿತ್ತು. ಒಂದು ಒಪ್ಪಂದಕ್ಕೆ ಬಂದೆವು. ಒಂದು ವಾರ ದಿನವೂ ಬೆಳಿಗ್ಗೆ ನಾಷ್ಟಾ ಮಾಡಿ, ಗುಳಿಗೆ ತಗೊಂಡು, ಕೇಂದ್ರಕ್ಕೆ ಬಂದು ಬಿ.ಪಿ. ತೋರಿಸಬೇಕು. ಅಲ್ಲಿಯವರೆಗೆ ಏಣಿ ಹತ್ತುವಂತಿಲ್ಲ. ನೆಲದ ಮೇಲೆ ಕೂತು ಕಬ್ಬಿಣ ಕತ್ತರಿಸಬಹುದು.

ಆ ವಾರದ ಗುರುವಾರ ನಾನು ನನ್ನ ಕೋಣೆಯಿಂದ ಹೊರಬಂದು ಸಾಲಿನ ಮುಂದೆ ನಿಂತೆ. ಇವತ್ತು ಬಿ.ಪಿ. ಗುಳಿಗೆ ತೆಗೆದುಕೊಂಡು ಬಂದವರು ಕೈ ಎತ್ತಿ ಎಂದೆ. ಕೆಲವೇ ಕೈ ಮೇಲೇರಿದವು.

“ಖಾಲಿ ಹೊಟ್ಟೀಲೆ ಬರ್ರಿ ಅಂದವರು ನೀವಽ ಅಲ್ರಿ?” ಎಂದರು ಒಬ್ಬ ಹಿರಿಯರು. “ಖಾಲಿ ಹೊಟ್ಟಿ ಮ್ಯಾಲೆ ಗುಳಿಗಿ ಹಾಕಿದ್ರ ಕರಳ ಸುಡತೈತಿ.”

“ನಾ ತಗೊಂಡೇನ್ರಿ,” ಎಂದರು ಹಿಂದಿದ್ದ ಒಬ್ಬಾಕೆ ಹೆಮ್ಮೆಯಿಂದ. “ಎರಡ ಇಡ್ಲಿ, ಒಂದ ಕಪ್ ಚಾ ಜೋಡಿ.”

ಸಾಲೆಲ್ಲ ನಕ್ಕಿತು. ನಾಲ್ಕು ದಿನ ನಿಲ್ಲಿಸಿದವರು ಜೈತುನಬಿ ಒಬ್ಬರೇ ಇರಬಹುದು, ಆದರೆ ಆ ಬೆಳಗಿನ ಗುಳಿಗೆ ಬಿಟ್ಟು ಬಂದವರು ಸಾಲಿನ ತುಂಬ ಇದ್ದರು. ಸಕ್ಕರೆಯ ರಕ್ತ ಮತ್ತು ಬಿ.ಪಿ. ಒಂದೇ ಬೆಳಿಗ್ಗೆ ಮುಗಿದರೆ ಜನರಿಗೆ ಅನುಕೂಲವೆಂದು ಇಟ್ಟಿದ್ದ ವ್ಯವಸ್ಥೆ ಅದು. ಅದರ ಮುಂದಿನ ವಾರದಿಂದ ಎರಡನ್ನೂ ಬೇರೆ ಮಾಡಿದೆವು. ಸಕ್ಕರೆಗೆ ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆ, ಬಿ.ಪಿ.ಗೆ ಶುಕ್ರವಾರ, ಉಂಡು ಗುಳಿಗೆ ನುಂಗಿ. ಎರಡು ಸಲ ಬರಬೇಕಾಯಿತೆಂದು ಜನ ಗೊಣಗಿದರು. ನಾನು ಬದಲಿಸಲಿಲ್ಲ.

ದಾವಲಸಾಬರ ಬಿ.ಪಿ. ವಾರವಿಡೀ 130ರ ಹತ್ತಿರ ನಿಂತಿತು. ಅವರನ್ನು ಎದ್ದು ನಿಲ್ಲಿಸಿ ನೋಡಿದರೂ ಇಳಿಯಲಿಲ್ಲ. ತಲೆ ತಿರುಗಲಿಲ್ಲ. ಕೊನೆಯ ದಿನ ಜೈತುನಬಿ ಯಂತ್ರದ ಅಂಕಿಯನ್ನು ತಾವೇ ಬಗ್ಗಿ ನೋಡಿದರು.

“ಇದು ಖರೇ ಬಿ.ಪಿ. ಏನ್ರಿ ಬಾಯಾರ? ಗುಳಿಗಿ ನುಂಗಿದ್ದಕ್ಕ ಹಿಂಗ ಬಂದದ್ದಲ್ಲ?”

“ಗುಳಿಗಿ ನುಂಗಿದ್ದಕ್ಕಽ ಬಂದದ್ದು,” ಎಂದೆ. “ಅವರು ಇನ್ನ ದಿನಾ ಇರೂದು ಹಿಂಗಽ. ಅದಕ್ಕ ಇದಽ ಖರೇದು.”

ಆಕೆ ಗಂಡನ ಕಡೆ ತಿರುಗಿದರು. “ನಾಳೆ ಏಣಿ ಹತ್ರಿ,” ಎಂದರು. “ಲಗೂ ಏಳ್ರಿ, ಬುತ್ತಿ ಕಟ್ಟತೇನಿ.”

ಜ್ವರ, ವಾಂತಿಭೇದಿಗಳಲ್ಲಿ ನಾವು ಔಷಧ ಕೊಡುವ ಮೊದಲು ರೋಗವನ್ನು ನೋಡುತ್ತೇವೆ. ಜನರೂ ವೈದ್ಯರ ಬಳಿ ಹೋಗುವುದನ್ನು ಹಾಗೇ ಕಲಿತಿದ್ದಾರೆ: ಇದ್ದ ರೋಗವನ್ನು ಇದ್ದ ಹಾಗೆ ತೋರಿಸಬೇಕು. ಜೀವನಪೂರ್ತಿಯ ಕಾಯಿಲೆಯಲ್ಲಿ ತೋರಿಸಬೇಕಾದದ್ದು ದಿನನಿತ್ಯದ ಬದುಕನ್ನು, ಅದರ ರೊಟ್ಟಿ, ಗುಳಿಗೆ, ಕೆಲಸಗಳ ಸಮೇತ. ಆದರೆ ದವಾಖಾನೆಗೆ ಹೋಗುವ ದಿನವನ್ನು ಯಾರೂ ದಿನನಿತ್ಯದ ಹಾಗೆ ಕಳೆಯುವುದಿಲ್ಲ. ಏನನ್ನೋ ಬಿಡುತ್ತಾರೆ, ಏನನ್ನೋ ಸೇರಿಸುತ್ತಾರೆ, ಅದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ನಿವೃತ್ತಿಯವರೆಗಿನ ಉಳಿದ ದಿನಗಳಲ್ಲಿ ಅಂಕಿ ಏರಿರಲಿ, ಇಳಿದಿರಲಿ, ಸರಿಯೇ ಇರಲಿ, ಪೆನ್ನು ಎತ್ತುವ ಮೊದಲು ಪ್ರತಿಯೊಬ್ಬರನ್ನೂ ಒಂದೇ ಮಾತು ಕೇಳಿದೆ: “ಇಲ್ಲಿ ಬರೂದೈತಿ ಅಂತ ಮನ್ಯಾಗ ಏನ ಬದಲ ಮಾಡಿರಿ?”