ತಾರೀಖಮ್ಮನ ಹುಟ್ಟಿದ ದಿನ

ಯಾವ ತಾರೀಖು ಬೇಕಾದರೂ ಹೇಳಿ, ಆ ದಿನ ಯಾರು ಹುಟ್ಟಿದರು, ಯಾರು ಸತ್ತರು, ಯಾವ ಕೋಟೆ ಬಿತ್ತು, ಯಾವ ವಿಮಾನ ಹಾರಿತು ಎಂದು ನನ್ನ ಸೋದರತ್ತೆ ನಿಂತಲ್ಲೇ ಒಪ್ಪಿಸುತ್ತಿದ್ದಳು. ಪತ್ರಿಕಾ ಕಚೇರಿಯ ಗ್ರಂಥಾಲಯದಲ್ಲಿ ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ‘ಇತಿಹಾಸದಲ್ಲಿ ಈ ದಿನ’ ಅಂಕಣ ಅವಳದೇ. ಚಪ್ಪಲಿ ಡಬ್ಬಿಗಳಲ್ಲಿ ಮುನ್ನೂರ ಅರವತ್ತಾರು ಕಾರ್ಡುಗಳು, ದಿನಕ್ಕೊಂದು. ಎರಡು ಪುಸ್ತಕಗಳಲ್ಲಿ ಸಿಗದ ಸಂಗತಿಗೆ ಕಾರ್ಡಿನಲ್ಲಿ ಜಾಗವಿಲ್ಲ. ಕಚೇರಿಗೆಲ್ಲ ಅವಳು ತಾರೀಖಮ್ಮ, ಪಕ್ಕದ ಕೋಣೆಯಲ್ಲಿ ಪ್ರೂಫ್ ನೋಡುವ ನನಗೆ ಮಾತ್ರ ಅತ್ತೆ. ಅವಳ ಅಂಕಣಕ್ಕೆ ಒಂದು ಸಲವೂ ತಿದ್ದುಪಡಿ ಹಾಕಿದ್ದಿಲ್ಲ. ಆ ಜಂಬ ನಡಿಗೆಯಲ್ಲೇ ಕಾಣುತ್ತಿತ್ತು.

ಆದರೆ ದೀಪದ ಬುಡದಲ್ಲೇ ಕತ್ತಲೆ. ಅವಳು ಹುಟ್ಟಿದ ತಾರೀಖನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ, ಶಾಲೆಯ ಮೇಷ್ಟ್ರು ತಮಗೆ ತೋಚಿದ್ದನ್ನು ಗೀಚಿದ್ದರು. ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: “ನದಿ ಸೇತುವೆ ಉದ್ಘಾಟನೆ ದಿನ ನೀನು ಹುಟ್ಟಿದ್ದು ಕಣೇ. ಬ್ಯಾಂಡಿನ ಗಲಾಟೇಲಿ ನೀನು ಅತ್ತಿದ್ದೂ ಯಾರಿಗೂ ಕೇಳಿಸ್ಲಿಲ್ಲ.” ಪುಸ್ತಕಗಳೆಲ್ಲ ಅದು ಜೂನ್ ಹನ್ನೆರಡು ಎಂದವು. ಪ್ರತಿ ವರ್ಷ ಆ ದಿನದ ಅಂಕಣದಲ್ಲಿ ಎಂಥ ಮಹಾಯುದ್ಧವನ್ನಾದರೂ ಕೆಳಗೆ ತಳ್ಳಿ, ಅತ್ತೆ ಸೇತುವೆಯನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದಳು. ಗುಟ್ಟು ನನಗೊಬ್ಬಳಿಗೇ ಗೊತ್ತಿತ್ತು.

ಅವಳು ನಿವೃತ್ತಿಯಾಗಬೇಕಿದ್ದ ತಿಂಗಳು. ಜೂನ್ ಹದಿನೆಂಟರ ಬೆಳಿಗ್ಗೆ ಒಬ್ಬ ಮುದುಕ ಹನ್ನೆರಡರ ಪತ್ರಿಕೆ ಹಿಡಿದು ಬಂದ. ಸೇತುವೆಯ ದಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವನಂತೆ.

“ಅಮ್ಮಾ, ಹನ್ನೆರಡಕ್ಕೆ ನಾವು ಬಾರಿಸ್ಲೇ ಇಲ್ಲ. ಹೊಳೆ ಉಕ್ಕಿ ಎಲ್ಲಾ ರದ್ದಾಯ್ತು. ಆಮೇಲೆ ಇನ್ನೊಂದಿನ ಮಾಡಿದ್ರು.”

ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. “ನಾಲ್ಕು ಪುಸ್ತಕದಲ್ಲಿದೆ ಸ್ವಾಮಿ!”

“ನಾಲ್ಕೂ ನಿಮ್ಮ ಪೇಪರ್ ನೋಡೇ ಬರೆದಿರ್ತಾರೆ ಬಿಡಿ.”

ಅತ್ತೆ ಏಣಿ ಹತ್ತಿದಳು. ಸೇತುವೆಯ ವರ್ಷದ ಹಳೇ ಪತ್ರಿಕೆಗಳ ಕಟ್ಟು ಧೂಳೆಬ್ಬಿಸಿಕೊಂಡು ಮೇಜಿನ ಮೇಲೆ ಬಿತ್ತು. ಹದಿಮೂರರ ಮುಖಪುಟದಲ್ಲಿ ‘ನಿನ್ನೆ ವಿಜೃಂಭಣೆಯಿಂದ ಸೇತುವೆ ಉದ್ಘಾಟನೆ’ ಎಂದು ದಪ್ಪಕ್ಷರ. ಅತ್ತೆ ಗೆದ್ದವಳಂತೆ ಮುದುಕನನ್ನು ನೋಡಿದಳು. ಆತ ಜಗ್ಗಲಿಲ್ಲ, “ಮುಂದೆ ತಿರುವಿ” ಅಂದ. ಇಪ್ಪತ್ತೆರಡರ ಐದನೇ ಪುಟದ ಮೂಲೆಯಲ್ಲಿ ಎರಡೇ ಸಾಲು: ಮುಂದೂಡಲ್ಪಟ್ಟಿದ್ದ ಸೇತುವೆಯ ಉದ್ಘಾಟನೆ ನಿನ್ನೆ ನೆರವೇರಿತು.

ಕೂಸು ಹುಟ್ಟುವ ಮುಂಚೆ ಕುಲಾವಿ! ನಮ್ಮ ಪತ್ರಿಕೆಯವರು ಸಮಾರಂಭಕ್ಕೆ ಮೊದಲೇ ವರದಿ ಬರೆದಿಟ್ಟು, ನಡೆಯದಿದ್ದರೂ ಅಚ್ಚು ಹಾಕಿಬಿಟ್ಟಿದ್ದರು. ಅತ್ತೆಯ ಮುಖ ಮೊದಲು ಬಿಳುಚಿತು. ಆಮೇಲೆ ಬೆರಳು ಮಡಿಸಿ ಎಣಿಸಿದಳು, ನನ್ನ ತೋಳು ಹಿಡಿದು ಅಲುಗಾಡಿಸಿದಳು. “ಇಪ್ಪತ್ತೊಂದು ಕಣೇ! ನಾನು ಹುಟ್ಟಿದ್ದು ಇಪ್ಪತ್ತೊಂದಕ್ಕೆ! ಇನ್ನೂ ಮೂರು ದಿನ ಇದೆ!” ಬ್ಯಾಂಡಿನ ಗಲಾಟೆಯಲ್ಲಿ ತನ್ನ ಅಳು ಯಾರಿಗೂ ಕೇಳಿಸದ ಕತೆಯನ್ನು ಮುದುಕನಿಗೂ ಹೇಳಿದಳು.

ಸಂಪಾದಕರು ಕೇಳಿಸಿಕೊಂಡು ಮೆಲ್ಲಗೆ ಹೇಳಿದರು, “ಇದು ನಿಮ್ಮ ಕೊನೇ ತಿಂಗಳು. ಇಷ್ಟು ವರ್ಷ ಒಂದು ತಿದ್ದುಪಡಿ ಇಲ್ಲ. ಯಾರೂ ಗಮನಿಸಲ್ಲ, ಹೋಗ್ಲಿ ಬಿಡಿ.”

ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಇಪ್ಪತ್ತರ ಮಧ್ಯಾಹ್ನ ಮರುದಿನದ ಅಂಕಣದ ಪ್ರೂಫ್ ನನ್ನ ಮೇಜಿಗೆ ಬಂತು. ಸೇತುವೆ ಮೊದಲ ಸಾಲಿನಲ್ಲೇ ಇತ್ತು. ಕೆಳಗೆ ‘ಜನನ’ದಲ್ಲಿ, ಇಬ್ಬರು ವಿಜ್ಞಾನಿಗಳು ಮತ್ತು ಒಬ್ಬ ರಾಣಿಯ ನಂತರ: ‘ಈ ಸೇತುವೆಯ ತಾರೀಖನ್ನು ಇಪ್ಪತ್ತೆರಡು ವರ್ಷ ತಪ್ಪಾಗಿ ಬರೆದ, ಈ ಅಂಕಣದ ಕೆಲಸಗಾರ್ತಿ.’

ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಇಪ್ಪತ್ತೊಂದರ ಬೆಳಿಗ್ಗೆ ಹತ್ತು ಗಂಟೆಗೆ ಗ್ರಂಥಾಲಯದ ಬಾಗಿಲಲ್ಲಿ ಮುದುಕ ನಿಂತಿದ್ದ, ಹೆಗಲಿಗೆ ಡ್ರಮ್ ತೂಗುಹಾಕಿಕೊಂಡು. “ಅವತ್ತು ಬಾರಿಸಿದ್ದೇ ಇದು, ತಾಯಿ” ಎಂದು ಕೋಲೆತ್ತಿದ. ಕಿಟಕಿಯ ಗಾಜು ನಡುಗಿತು! ಅಚ್ಚುಕೂಟದವರು, ಟೈಪಿಸ್ಟರು, ಸಂಪಾದಕರು ಎಲ್ಲ ಓಡಿಬಂದರು. ಕಾರ್ಡುಗಳ ನಡುವೆ ನಿಂತು ಅತ್ತೆ ಅಳುತ್ತಿದ್ದಳು. ಮುದುಕ ಕೋಲು ಕೆಳಗಿಟ್ಟ, ಈ ಸಲ ಅವಳ ಅಳು ಎಲ್ಲರಿಗೂ ಕೇಳಿಸಲಿ ಎಂದು.